ಮಲಗಿಸಿ ತಂದ ಫ್ರೀಜರ್

ಟಾಕೊರಾಡಿ
೧೪ ಆಗಸ್ಟ್ ೧೯೯೪

ಪ್ರೀತಿಯ ಎಕುವಾ ಅಕ್ಕ,

ಟಮಾಲೆಯಲ್ಲಿ ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಅಮ್ಮನ ಕೆಮ್ಮು ಕಡಿಮೆಯಾಗಿದೆ. ನಮ್ಮೂರು ಮೊರೀಯಲ್ಲಿ ಈ ಸಲ ಮೀನು ಬೇಕಾದಷ್ಟು ಸಿಕ್ಕಿದೆ. ಇಷ್ಟು ಬರೆದು ಎರಡು ಸಲ ಹಾಳೆ ಹರಿದೆ.

ನೀನು ಅಮ್ಮನಿಗೆ ಕೊಡಿಸಿದ ಫ್ರೀಜರ್ ಕೆಟ್ಟುಹೋಗಿದೆ. ಅಮ್ಮ ಕೆಡಿಸಿದಳೆಂದು ಯಾರಾದರೂ ನಿನಗೆ ಹೇಳಿದ್ದರೆ ನಂಬಬೇಡ.

ಬಂದರಿನ ಅಂಗಡಿಯಿಂದ ಅದನ್ನು ನಮ್ಮ ಕಾರಿನಲ್ಲೇ ಒಯ್ದೆವು. ನೆಟ್ಟಗೆ ಇಟ್ಟರೆ ಹಿಂಬಾಗಿಲಲ್ಲಿ ತೂರುತ್ತಿರಲಿಲ್ಲ. ಮಲಗಿಸೋಣ ಎಂದ ನನ್ನ ಗಂಡ ಎಬೊ. ಅಂಗಡಿಯವನು ನನ್ನನ್ನು ಕರೆದು, "ಮೇಡಂ, ಮಲಗಿಸಿದ್ರೆ ಮೋಟಾರಿನ ಎಣ್ಣೆ ಕೊಳವೆಗೆ ಇಳಿಯುತ್ತೆ. ಮನೇಲಿ ನೆಟ್ಟಗೆ ನಿಲ್ಸಿ, ನಾಳೆವರೆಗೂ ಕರೆಂಟ್ ಕೊಡ್ಬೇಡಿ" ಎಂದ. ಹೂಂ ಎಂದೆ. ಕೆಳಗೆ ಹಳೇ ಹಾಸಿಗೆ ಹಾಸಿ, ಮುಚ್ಚಳಕ್ಕೆ ಹಗ್ಗ ಬಿಗಿದು, ಹಿಂಬಾಗಿಲನ್ನು ಅರ್ಧ ತೆರೆದೇ ಕಟ್ಟಿಕೊಂಡು ಹೊರಟೆವು. ರಸ್ತೆಯಲ್ಲಿ ಉಬ್ಬು ಬಂದಾಗಲೆಲ್ಲ ಬೆನ್ನ ಹಿಂದೆ ಅದು ನರಳಿದಂತಾಗುತ್ತಿತ್ತು.

ಮೊರೀಯಲ್ಲಿ ವಠಾರವೆಲ್ಲ ಕಾದು ನಿಂತಿತ್ತು. ಪಕ್ಕದ ಮನೆಯ ಅಜೋವಾ, ತುಂಬು ಬಸುರಿ, "ಏನಜ್ಜಿ, ಈಗ್ಲೇ ಶವಪೆಟ್ಟಿಗೆ ತರಿಸ್ಕೊಂಡ್ಯಾ?" ಎಂದು ರೇಗಿಸಿದಳು. "ಹೂಂ ಕಣೆ, ಮೊದ್ಲು ನಿನ್ನ ಬಾಯಿನ ಇದ್ರಲ್ಲಿ ಹಾಕಿ ಮುಚ್ತೀನಿ" ಎಂದಳು ಅಮ್ಮ. ಬೋಗುಣಿ ತುಂಬ ಮೀನು ತೊಳೆದು ಇಟ್ಟಿದ್ದಳು. ಪ್ಲಗ್ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. "ಹಾಕ್ಲೇನೆ, ಅರಾಬಾ?"

ಎಲ್ಲರೂ ನೋಡುತ್ತಿದ್ದರು ಅಕ್ಕ. "ಹಾಕಮ್ಮ" ಎಂದುಬಿಟ್ಟೆ.

ಸಂಜೆಯ ಹೊತ್ತಿಗೆ ಅದು ಕಟಕಟ ಎಂದು ನಿಂತುಹೋಯಿತು. ಬೆಳಿಗ್ಗೆ ಮೀನು ನಾರುತ್ತಿತ್ತು. "ನನ್ನ ಕೈಯೇ ಸರಿ ಇಲ್ಲ, ಮುಟ್ಟಿದ್ದೇ ಹೋಯ್ತು" ಎಂದು ಅಮ್ಮ ಕೂತುಬಿಟ್ಟಳು. ಆಗಲೇ ಹೇಳಬಹುದಿತ್ತು. ಅವಳ ಕಾಲು ಒತ್ತುತ್ತ ಕೂತೆ. ಮಾರನೆಯ ದಿನ ಟಾಕೊರಾಡಿಗೆ ಬಂದುಬಿಟ್ಟೆ.

ಕಳೆದ ವಾರ ಮತ್ತೆ ಹೋದಾಗ ಅಜೋವಾಗೆ ಹೆರಿಗೆಯಾಗಿತ್ತು. ಆ ವಠಾರದ ಯಾವ ಮಗುವಿಗೆ ಅಮ್ಮ ಮೊದಲ ನೀರು ಹಾಕಿಲ್ಲ ಹೇಳು? ಈ ಸಲ ಬಾಗಿಲು ಹಾಕಿಕೊಂಡು ಕೂತಿದ್ದಳು. "ಕೆಟ್ಟ ಕೈಲಿ ಹಸುಗೂಸು ಮುಟ್ಟಲ್ಲ, ಬೇರೆಯೋರನ್ನ ಕರ್ಕೊ" ಎಂದಳಂತೆ. ಬಾಣಂತಿ ನನ್ನೆದುರು ಅತ್ತಳು. ಅವಳನ್ನೂ ಕರೆದುಕೊಂಡು ಒಳಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ.

"ನಿನಗೆ ಗೊತ್ತಿತ್ತಾ?" ಎಂದಷ್ಟೇ ಕೇಳಿದಳು. ಗೊತ್ತಿತ್ತು ಎಂದೆ. ಬಟ್ಟೆ ಬಿಗಿದುಟ್ಟು, ಅಜೋವಾಳ ಭುಜ ಹಿಡಿದು, "ನಡಿ, ನೀರು ಕಾಯ್ಸು" ಎಂದು ಹೊರಟೇಹೋದಳು. ನಾನು ಟಾಕೊರಾಡಿಗೆ ಹೊರಡುವಾಗ ಎಂದಿನಂತೆ ಹೊಗೆಮೀನು ಕಟ್ಟಿಕೊಡಲಿಲ್ಲ.

ಬೈಯುವುದಿದ್ದರೆ ನನ್ನನ್ನು ಬೈ. ಅಮ್ಮನಿಗೆ ಮಾತ್ರ ಬೇಗ ಎರಡು ಸಾಲು ಬರೆ.

ಮುಖ ತೋರಿಸಲಾರದ ನಿನ್ನ ತಂಗಿ,
ಅರಾಬಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಮಲಗಿಸೋಣ ಎಂದದ್ದು ನಾನು. ಎಬೊ ಗೆಳೆಯನ ಪಿಕಪ್ ತಂದು ಅಂಗಡಿಯ ಮುಂದೆ ನಿಲ್ಲಿಸಿದ್ದ. ಊರವರೆದುರು ನಮ್ಮ ಸ್ವಂತ ಕಾರಿನಿಂದಲೇ ಇಳಿಸಬೇಕೆಂದು ನಾನು ಪಿಕಪ್ಪನ್ನು ವಾಪಸು ಕಳಿಸಿದೆ. ಎಬೊ ಈಗಷ್ಟೇ ಈ ಕಾಗದ ಓದಿದ. ತನ್ನ ಹೆಸರಿನ ಮೇಲೆ ಬೆರಳಿಟ್ಟು ಆ ಸಾಲನ್ನು ಇನ್ನೊಮ್ಮೆ ಓದಿದ. "ಇರ್ಲಿ ಬಿಡು, ನಿಮ್ಮಕ್ಕ ಟಮಾಲೇಲಿ ಕೂತು ಬೈದ್ರೆ ನಂಗೇನು ಕೇಳ್ಸುತ್ತಾ" ಎಂದು ಅಂಚೆಚೀಟಿ ತರಲು ಹೋಗಿದ್ದಾನೆ. ಅವನು ಬರುವುದರೊಳಗೆ ಇದನ್ನು ಬರೆದು ಲಕೋಟೆ ಅಂಟಿಸುತ್ತಿದ್ದೇನೆ.