ಅಗಿಯದೆ ನುಂಗಿದ ಚೀನೀ ಕಡುಬು

ಕಲ್ಕತ್ತ, 12-8-74

ಅವ್ವನ ಪಾದಕ್ಕೆ ಮುದ್ದಣ್ಣನ ನಮಸ್ಕಾರ.

ಹರಕೆ ತೀರುವತನಕ ಬಾಡು ಮುಟ್ಟಬೇಡ ಅಂದೆಯಲ್ಲ, ಈ ಮೀನಿನೂರಲ್ಲಿ ಉಪವಾಸವೇ ಬಿದ್ದಿದ್ದೆ. ಇವತ್ತು ಚೀನಾದ ಸಂಸಾರವೊಂದು ನಡೆಸುವ ಸಸ್ಯಾಹಾರಿ ಹೋಟೆಲು ಸಿಕ್ಕಿತು. ಹೆದರಬೇಡ, ಹಾವು ಕಪ್ಪೆ ಇಲ್ಲ. ಈರುಳ್ಳಿಯನ್ನೂ ಮುಟ್ಟದ ಮಡಿವಂತರು. ಬಿಳಿ ಕಡುಬು ಕೊಟ್ಟರು. ನಾನು ನಮ್ಮೂರು ರಾಮಗಿರಿಯ ಮುದ್ದೆಯೆಂದುಕೊಂಡು ಸಾರಿಗದ್ದಿ ಅಗಿಯದೆ ನುಂಗಿದೆ. ಗಂಟಲಿಗೆ ಸಿಕ್ಕಿತೆಂದು ಆ ಮನೆಯ ಸೊಸೆ ನೀರು ತಂದಳು, ಮಗ ಬೆನ್ನು ಗುದ್ದಿದ. ಅಜ್ಜಿಯಂತೂ ಎದುರಿಗೇ ಕೂತು, ಬೊಚ್ಚುಬಾಯಿ ಆಡಿಸಿ ತೋರಿಸಿ, ಪ್ರತಿ ತುತ್ತನ್ನೂ ಅಗಿಸಿದಳು. ಥೇಟ್ ನೀನೇ: “ಇನ್ನೊಂದ್ ತಿನ್ನಲೇ, ಮೈಯಾಗೇನೈತೆ ನಿಂಗೆ?” ಭಾಷೆ ಮಾತ್ರ ಚೀನೀ.

ಕೆಲಸ ಬಿಟ್ಟು ಬರುತ್ತೇನೆಂದು ಬರೆದಿದ್ದ ಕಾರ್ಡನ್ನು ಒಲೆಗೆ ಹಾಕು. ಇದನ್ನು ಓದಿ ಹೇಳುವ ಪೋಸ್ಟ್‌ಮ್ಯಾನ್ ಯತ್ತಪ್ಪ ನಗಬಾರದು. ಕಾರ್ಡಿನಲ್ಲಿ ಜಾಗವಿಲ್ಲ, ಹೊಟ್ಟೆಯಲ್ಲೂ.

ನಿನ್ನ ಮುದ್ದಣ್ಣ