ನೀನು ಮರೆತ ಹಾಗೆ ಮಾಡಿದ ಸಾಲು

ಆಯಿ,

ನಿನ್ನ ಮಗಳು ಪಂಚಾಯ್ತಿ ಅಧ್ಯಕ್ಷೆ ಆಗಿದ್ದಾಳೆ ಅಂದ್ರೆ, ನೀನು ಇದ್ದಿದ್ರೆ ಮೊದಲು ನಗ್ತಿದ್ದೆ, ಆಮೇಲೆ "ಅನ್ನಕ್ಕೆ ಇಟ್ಟಾತಾ?" ಅಂತ ಕೇಳ್ತಿದ್ದೆ. ಮೀಸಲಾತಿ ಹಾಗೆ ಬಂತು. ಗೆದ್ದವರಲ್ಲಿ ಅದಕ್ಕೆ ಹೊಂದುವವಳು ನಾನೊಬ್ಬಳೇ. ಆದ್ರೆ ಹನ್ನೊಂದು ಜನ ಸದಸ್ಯರಲ್ಲಿ ನಮ್ಮ ಕಡೆಯವರು ನನ್ನನ್ನೂ ಸೇರಿಸಿ ಮೂರೇ ಜನ. ಪಂಚಾಯ್ತಿಯಲ್ಲಿ ಪಕ್ಷ ಇಲ್ಲ ಅನ್ನೋದೆಲ್ಲ ಕಾಗದದ ಮೇಲೆ. ಉಳಿದ ಎಂಟೂ ಜನರಿಗೆ ಮುಂದಾಳು ಯಾರು ಗೊತ್ತಾ? ಪಕ್ಕದ ಮನೆ ಮಾದೇವಕ್ಕ. ಬೇಲಿ ಜಗಳದಲ್ಲಿ ನಿನ್ನ ಸಂಗಡ ಮಾತು ಬಿಟ್ಟವಳು, ನೀನು ಹೋದ ದಿನವೂ ನಮ್ಮ ಅಂಗಳಕ್ಕೆ ಕಾಲಿಡದವಳು.

ನಿನ್ನ ಕೊನೇ ಬೇಸಿಗೆ ನೆನಪಾಗ್ತದೆ. ಕೇರಿಯ ಬಾವಿಗಳಿಗೆಲ್ಲ ಉಪ್ಪು ಹತ್ತಿತ್ತು. ಒಂದು ಗುಟುಕು ಕುಡಿದು ಲೋಟ ಬದಿಗಿಟ್ಟು, "ಸಿಹಿನೀರು ಎಲ್ಲಾದ್ರೂ ಸಿಕ್ತದಾ ಮಗಾ?" ಅಂದೆ. ನಾನು ಹೊನ್ನಾವರದಿಂದ ಬಾಟ್ಲಿ ಹಿಡ್ಕೊಂಡು ಬಸ್ಸಿಳಿಯುವಷ್ಟರಲ್ಲಿ ನೀನು... ಇರ್ಲಿ. ಕುರ್ಚಿಯಲ್ಲಿ ಕೂತ ದಿನದಿಂದ ಕೇರಿಗೆ ನಲ್ಲಿ ತರಬೇಕು ಅನ್ನೋದೊಂದೇ ನನ್ನ ತಲೆಯಲ್ಲಿ.

ಮೊದಲ ಸಭೆಯಲ್ಲಿ ನಾನೇ ಜೋರಾಗಿ ನಲ್ಲಿಯ ಠರಾವು ಓದಿದೆ. ಎಂಟು ಕೈ ವಿರುದ್ಧ ಎದ್ದವು. ಎರಡನೇ ಸಭೆಯಲ್ಲೂ ಅದೇ ಕತೆ. ಮಾದೇವಕ್ಕನ ಬಾವಿಯೂ ಅಷ್ಟೇ ಉಪ್ಪು, ಆದ್ರೂ ನೋಡು! "ಕುರ್ಚಿ ನಿಂದು, ಸಭೆ ನಮ್ದು" ಅಂದಳು.

ಆಗ ಆ ಭತ್ತದ ನೆಟ್ಟಿಯ ದಿನ ನೆನಪಾಯ್ತು. ಗದ್ದೆಯಲ್ಲಿ ಎತ್ತಿದ ಹಾಡನ್ನು ಅರ್ಧಕ್ಕೆ ಬಿಡಬಾರದು ಅಂತ ನಿಮ್ಮೆಲ್ಲರ ನಂಬಿಕೆಯಲ್ವಾ? ಮಾತು ಬಿಟ್ಟ ವರ್ಷ ಮಾದೇವಕ್ಕ ನಿನ್ನ ಹಾಡಿಗೆ ತುಟಿಯೇ ಬಿಚ್ಚಲಿಲ್ಲ. ನೀನು ನಡುವೆ ನಿಲ್ಲಿಸಿ, "ಅಯ್ಯೋ, ಮುಂದಿನದು ಮರೆತೇ ಹೋಯ್ತಲ್ರೇ" ಅಂದೆ. ಸಸಿ ಹಿಡಿದವರೆಲ್ಲ ಕಾದರು. ಕೊನೆಗೆ ಅವಳೇ ಬಗ್ಗಿದಲ್ಲಿಂದ ಆ ಸಾಲು ಎತ್ತಿಕೊಂಡಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ನೀನು ಅದೇ ಸಾಲು ಗುನುಗುತ್ತಿದ್ದೆ, ಕಳ್ಳಿ!

ಮೂರನೇ ಸಭೆಯಲ್ಲಿ ಫೈಲು ಅರ್ಧ ಓದಿ ನಿಲ್ಲಿಸಿದೆ. "ಪೈಪು ಎಲ್ಲಿಂದ ಎಲ್ಲಿಗೆ ಅಂತ ನಂಗೆ ತಿಳೀತಿಲ್ಲ ಮಾದೇವಕ್ಕ. ಸರ್ವೆ ಆದದ್ದು ನೀವು ಅಧ್ಯಕ್ಷೆ ಆಗಿದ್ದಾಗ ಅಲ್ವಾ?" ನಂಗೆ ಅದೆಲ್ಲ ಬಾಯಿಪಾಠ ಇತ್ತು. ಆದ್ರೂ ಹಾಳೆ ಆಚೆ ಈಚೆ ತಿರುಗಿಸ್ತಾ ಕೂತೆ. ಕಡೆಗೆ ಅವಳು, "ಕೊಡು ಇಲ್ಲಿ ಮಾರಾಯ್ತಿ, ನಿನ್ನಿಂದ ಆಗೂದಲ್ಲ" ಅಂತ ಫೈಲು ಕಸಿದುಕೊಂಡಳು. ಪೂರ್ತಿ ಓದಿದಳು, ತಾನೇ ಮಂಡಿಸಿದಳು. ಹನ್ನೊಂದು ಕೈ ಎದ್ದವು. ಹೆಸರೆಲ್ಲ ಅವರಿಗೇ ಬಿಟ್ಟುಕೊಟ್ಟೆ ಅಂತ ನಮ್ಮವರಿಬ್ಬರೂ ಇವತ್ತಿಗೂ ಮುಖ ಊದಿಸ್ಕೊಂಡಿದ್ದಾರೆ. ಬಿಟ್ಟುಕೊಟ್ಟೆ, ಹೌದು. ಎಂತ ಹೋಯ್ತು?

ಇವತ್ತು ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಆಯಿ. ಮಾದೇವಕ್ಕ ಮೊದಲ ಕೊಡ ತುಂಬಿ, ಸೊಂಟದ ಮೇಲಿಟ್ಟುಕೊಂಡು ಸೀದಾ ನಮ್ಮ ಅಂಗಳಕ್ಕೆ ಬಂದಳು. ಒಂದು ಲೋಟ ನೀರು ನಿನ್ನ ಫೋಟೋದ ಎದುರಿಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಆಯಿಗೂ ಅವತ್ತು ಹಾಡು ಮರೆತಿರ್ಲಿಲ್ಲ. ನಂಗೆ ಆಗ್ಲೇ ಗೊತ್ತಿತ್ತು" ಅಂದಳು.

ಕೂತು ಚಾ ಕುಡಿದೇ ಹೋದಳು, ಆಯಿ. ಅದೇ ನೀರಿನ ಚಾ.