ಪುಟ್ಟಿ ಒಪ್ಪಿಸಿದ ಹತ್ತು ಸಾಲು

ಬಿದರಕೊಪ್ಪಲು, ಮದ್ದೂರು ತಾಲ್ಲೂಕು
12 ಆಗಸ್ಟ್ 2025, ಮಂಗಳವಾರ

ಪುಟ್ಟಿಯ ಅಪ್ಪನವರಿಗೆ ಅಮೃತಳ ನಮಸ್ಕಾರ.

ಸೊಂಟದ ನೋವು ಹೇಗಿದೆ? ದಿನವೆಲ್ಲ ಜೆಸಿಬಿಯಲ್ಲಿ ಕೂತು ಕೂತು ಬಂದದ್ದು, ಅತ್ತೆ ಕೊಟ್ಟ ಎಣ್ಣೆ ಮರೆಯದೆ ಹಚ್ಚಿಕೊಳ್ಳಿ. ನಾವೆಲ್ಲ ಆರೋಗ್ಯವಾಗಿದ್ದೇವೆ. ನಿನ್ನೆ ಫೋನಿನಲ್ಲಿ ನೀವು ಕೇಳಿದಾಗ ಮಂಡ್ಯದ ಕೆಲಸ ಚೆನ್ನಾಗಿ ಆಯಿತು ಅಂದೆ. ಅದು ಸುಳ್ಳು. ನಿಜ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಐದನೇ ಕ್ಲಾಸಿನವರೆಗೆ ಓದಿದವಳ ಬರಹ, ತಪ್ಪಿದ್ದರೆ ನಗಬೇಡಿ.

ನೀವು ಹಾಸನಕ್ಕೆ ಹೋಗುವ ಮೊದಲು ಮನೆಮನೆ ಸುತ್ತಿ ಸಹಿ ಹಾಕಿಸಿದ ಅರ್ಜಿಯನ್ನು ನಿನ್ನೆ ಮಂಡ್ಯದಲ್ಲಿ ಎಮ್ಮೆಲ್ಸಿ ಸಾಹೇಬರಿಗೆ ಕೊಟ್ಟೆವು. ಹೆಡ್‌ಮೇಷ್ಟ್ರು ಮಾದಯ್ಯನವರು, ಸುನಿತಾ ಮಿಸ್ಸು, ತಂದೆತಾಯಂದಿರ ಪರವಾಗಿ ನಿಮ್ಮ ಬದಲು ನಾನು. ಮಿಸ್ಸು ಬೇಡವೆಂದರೂ ಪುಟ್ಟಿಯನ್ನು ಕರೆದುಕೊಂಡು ಹೋದೆ. ಹೊಸ ಲಂಗ ಹಾಕಿಸಿ, ಕನಕಾಂಬರ ಮುಡಿಸಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಇಂಗ್ಲಿಷ್ ಪಾಠದ ಹತ್ತು ಸಾಲು ಬಾಯಿಪಾಠ ಮಾಡಿಸಿದೆ.

ಮೇಷ್ಟ್ರು ನಿಂತುಕೊಂಡೇ ಅರ್ಜಿ ಓದಿದರು. ಪಾಠವೆಲ್ಲ ಇಂಗ್ಲಿಷಿನಲ್ಲಿದೆ, ಮನೆಯಲ್ಲಿ ಆ ಭಾಷೆ ಆಡುವವರಿಲ್ಲ, ಮಕ್ಕಳು ಒಪ್ಪಿಸುತ್ತವೆಯೇ ಹೊರತು ಒಂದು ಸಾಲಿನ ಅರ್ಥವೂ ತಿಳಿಯದು. ಇಂಗ್ಲಿಷ್ ಕಲಿಸಲೆಂದೇ ಒಬ್ಬ ಟೀಚರನ್ನು ಕೊಡಿಸಿ, ನಮ್ಮಂಥ ಊರುಗಳ ಮಾತನ್ನು ವಿಧಾನ ಪರಿಷತ್ತಿನಲ್ಲಿ ಎತ್ತಿ ಎಂದು. ಸಾಹೇಬರು ತಲೆಯಾಡಿಸುತ್ತಿದ್ದರು. ಅವರ ಪಿ.ಎ. ಬರೆದುಕೊಳ್ಳುತ್ತಿದ್ದರು. ಆಗ ಸಾಹೇಬರ ಕಣ್ಣು ಪುಟ್ಟಿಯ ಮೇಲೆ ಬಿತ್ತು. ‘ಏನವ್ವಾ, ನಿಂಗೆ ಇಂಗ್ಲಿಷ್ ಬತ್ತದಾ?’ ಅಂದರು. ನಾನು ಅವಳ ಬೆನ್ನಿಗೆ ತಿವಿದೆ.

ಹತ್ತು ಸಾಲನ್ನೂ ತಡವರಿಸದೆ ಹೇಳಿಬಿಟ್ಟಳು. ಅಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ‘ನೋಡಿ ಮೇಷ್ಟ್ರೇ, ನಮ್ಮ ಮೊಮ್ಮಗಳೂ ಇಷ್ಟು ಚೆನ್ನಾಗಿ ಹೇಳಕ್ಕಿಲ್ಲ. ನೀವೇ ಇಷ್ಟು ಕಲ್ಸಿದ್ದೀರಿ, ಇನ್ನೊಬ್ಬ ಟೀಚರ್ ಯಾಕೆ?’ ಎಂದು ನಕ್ಕು ಸಾಹೇಬರು ಮುಂದಿನವರನ್ನು ಕರೆದರು. ಪಿ.ಎ. ಪೆನ್ನು ಮುಚ್ಚಿದರು. ಮಿಸ್ಸು ನನ್ನನ್ನೇ ನೋಡಿದರು. ಅವಳಿಗೆ ಅರ್ಥ ಗೊತ್ತಿಲ್ಲ ಸಾರ್ ಎಂದು ಹೆತ್ತವಳು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಹೆದರಿ ಸುಮ್ಮನಾದಳು ಎಂದು ನೀವು ಅಂದುಕೊಳ್ಳುತ್ತೀರಿ. ಹೆದರಿರಲಿಲ್ಲ. ಆ ಚಪ್ಪಾಳೆ ನನಗೆ ರುಚಿಸಿತ್ತು.

ವಾಪಸು ಬರುವಾಗ ಮೇಷ್ಟ್ರು ಬೈಯಲಿಲ್ಲ, ಪುಟ್ಟಿಗೆ ಕಡ್ಲೇಕಾಯಿ ಕೊಡಿಸಿದರು. ಬೈದಿದ್ದರೇ ವಾಸಿಯಿತ್ತು. ಬಸ್ಸು ಗೆಜ್ಜಲಗೆರೆ ದಾಟುವಾಗ ಪುಟ್ಟಿ ನನ್ನ ಕಿವಿಯಲ್ಲಿ, ‘ಅವ್ವಾ, ಅಲ್ಲಿ ನಾನು ಏನಂತ ಹೇಳ್ದೆ?’ ಅಂದಳು. ನನಗೂ ಗೊತ್ತಿರಲಿಲ್ಲ.

ಅತ್ತೆ ಪಕ್ಕದಲ್ಲೇ ಕೂತು, ‘ಅವ್ನಿಗೆ ಒತ್ತೊತ್ತಿಗೆ ಉಣ್ಣಕ್ಕೇಳಮ್ಮಿ’ ಎಂದು ಬರೆಸುತ್ತಿದ್ದಾರೆ. ಅವರ ಆಶೀರ್ವಾದ, ಪುಟ್ಟಿಯ ಮುತ್ತು.

ನಿಮ್ಮ
ಅಮೃತ

ಮರೆತೆ. ಮರೆತದ್ದಲ್ಲ, ಧೈರ್ಯ ಸಾಲಲಿಲ್ಲ. ಇವತ್ತು ಮೇಷ್ಟ್ರ ಹತ್ತಿರ ಹೋಗಿ ಹೊಸ ಅರ್ಜಿ ಬರೆಸಿದೆ. ಮೊದಲ ಎರಡು ಸಾಲು ನಾನು ಹೇಳಿದ್ದು: ‘ನಿಮ್ಮೆದುರು ಚಪ್ಪಾಳೆ ಗಿಟ್ಟಿಸಿದ ಹುಡುಗಿಯ ತಾಯಿ ನಾನು. ತಾನು ಹೇಳಿದ್ದರ ಅರ್ಥ ನನ್ನ ಮಗಳಿಗೆ ಗೊತ್ತಿಲ್ಲ.’ ನಾಳೆ ಮನೆಮನೆಗೆ ಹೋಗಿ ಇದನ್ನು ಗಟ್ಟಿಯಾಗಿ ಓದಿಯೇ ಸಹಿ ಕೇಳುತ್ತೇನೆ. ಕೆಳಗೆ ನಿಮ್ಮ ಹೆಸರೂ ಇದೆ, ನಿಮ್ಮನ್ನು ಕೇಳಲಿಲ್ಲ. ನೀವು ಬೇಡವೆಂದರೂ, ಈ ಕಾಗದ ನಿಮ್ಮ ಕೈಸೇರುವಷ್ಟರಲ್ಲಿ ನಾನು ಕೊನೇ ಮನೆಯಲ್ಲೂ ಓದಿ ಮುಗಿಸಿರುತ್ತೇನೆ.